ಫ್ರಿಜ್ಜಿನ ಬಾಗಿಲಲ್ಲಿದ್ದ ಮುಖ

ಪಾತ್ರೆ ಅಂಗಡಿ ಪಂಚಾಕ್ಷರಿ ತನ್ನ ಮನೆಯನ್ನು ಮಾರಲು ಹೊರಟಿದ್ದ. ಮನೆ ಚೆನ್ನಾಗಿಯೇ ಇತ್ತು. ಗಾಳಿ ಬೆಳಕಿಗೆ ಕೊರತೆ ಇರಲಿಲ್ಲ, ನಲ್ಲಿಯಲ್ಲಿ ದಿನವೂ ನೀರು ಬರುತ್ತಿತ್ತು, ಅಡುಗೆಮನೆ ವಾಸ್ತು ಹೇಳುವ ಆಗ್ನೇಯ ಮೂಲೆಯಲ್ಲೇ ಕೂತಿತ್ತು. ಹುಳುಕು ಇದ್ದದ್ದು ಒಂದೇ. ಮನೆ ಕಟ್ಟಿಸುವಾಗ ಅವನು ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿ ತೆಗೆಸಿರಲಿಲ್ಲ. ಮಣ್ಣಿನೊಳಗೆ ಹೂತು ಹೋಗುವ, ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂಬುದು ಅವನ ವಾದ. ಹೊಳೆಯುವುದಕ್ಕೆ ಮಾತ್ರ ಗಿರಾಕಿ ಎಂದು ಇಷ್ಟು ವರ್ಷ ಸ್ಟೀಲ್ ಪಾತ್ರೆ ಮಾರಿ ಕಲಿತಿದ್ದ ಮನುಷ್ಯ ಅವನು.

ಫ್ರಿಜ್ಜು ಹಳೆಯದಾಗುತ್ತಾ ಬಂದ ಹಾಗೆ ಅದರ ಮೈಗೆ ಕರೆಂಟು ಇಳಿಯತೊಡಗಿತು. ಮೊದಮೊದಲು ಹಿಡಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಆಮೇಲೆ ಹೊಡೆಯತೊಡಗಿತು. ಒಮ್ಮೆ ಅವನ ಹೆಂಡತಿ ಸರ್ವಮಂಗಳ ನೆಲ ಒರೆಸಿ ಒದ್ದೆ ಕಾಲಲ್ಲೇ ಫ್ರಿಜ್ಜಿಗೆ ಕೈ ಹಾಕಿ ಗೋಡೆಗೆ ಬಡಿದು ಬಿದ್ದಳು. ಎಲೆಕ್ಟ್ರಿಷಿಯನ್ ಬಂದ. ಗುಂಡಿ ತೆಗೆಯಬೇಕು, ಟೈಲ್ಸ್ ಒಡೆದು ಅಡುಗೆಮನೆಗೆಲ್ಲ ಹೊಸ ವೈರ್ ಎಳೆಯಬೇಕು, ಇಲ್ಲದಿದ್ದರೆ ಒಂದು ದಿನ ಯಾರಾದರೂ ಸಾಯುತ್ತಾರೆ ಎಂದು ಹೇಳಿ ಹೋದ. ಪಂಚಾಕ್ಷರಿ ಟೈಲ್ಸ್ ಒಡೆಸಲಿಲ್ಲ. ಅಂದಿನಿಂದ ಆ ಮನೆಯವರು ಕಾಲಿಗೆ ಚಪ್ಪಲಿ ಮೆಟ್ಟಿ, ಕೈಗೆ ಒಣ ಟವೆಲ್ ಸುತ್ತಿಕೊಂಡು ಫ್ರಿಜ್ಜಿನ ಬಾಗಿಲು ತೆಗೆಯುವುದನ್ನು ರೂಢಿ ಮಾಡಿಕೊಂಡರು. ರೂಢಿಯಾದ ಮೇಲೆ ಭಯವೂ ಹೋಯಿತು.

ಅವನ ಕಣ್ಣು ಮೇನ್ ರೋಡಿನ ಎರಡಂತಸ್ತಿನ ಮನೆಯ ಮೇಲೆ ಬಿದ್ದಿತ್ತು. ಈ ಮನೆ ಹೋದರೆ ಆ ಮನೆ ಬರುತ್ತಿತ್ತು. ಬ್ರೋಕರ್ ರೇವಣ್ಣ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ.

"ಅಣ್ಣ, ಮನೆ ನೋಡಕ್ಕೆ ಬರೋ ಹೆಣ್ಮಕ್ಳು ಹಾಲ್ ನೋಡಲ್ಲ, ರೂಮ್ ನೋಡಲ್ಲ. ಸೀದಾ ಅಡುಗೆಮನೆಗೆ ಹೋಗಿ ನಿಂತ್ಕೊತಾರೆ. ಫ್ರಿಜ್ಜು, ಸ್ಟವ್ವು, ಮಿಕ್ಸಿ, ಗ್ರೈಂಡರ್ ಎಲ್ಲಾ ಮನೆ ಜೊತೆಗೇ ಬಿಟ್ಟುಕೊಡ್ತೀವಿ ಅನ್ನಿ. ಆದ್ರೆ ಅವು ನಿನ್ನೆ ಅಂಗಡಿಯಿಂದ ತಂದಂಗೆ ಹೊಳೀಬೇಕು. ಫ್ರಿಜ್ಜಿಗೆ ಮನಸ್ಸು ಕೊಟ್ರು ಅಂದ್ರೆ ಮನೆಗೂ ಕೊಟ್ಟಂಗೆ."

ಹೊಳಪಿನ ಮಾತು ಬಂದರೆ ಪಂಚಾಕ್ಷರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಸ್ಟವ್ವಿನ ಹಿತ್ತಾಳೆ ಬರ್ನರ್‌ಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ. ಹಳದಿಗಟ್ಟಿದ್ದ ಮಿಕ್ಸಿಗೆ ಟೂತ್‌ಪೇಸ್ಟ್ ಹಚ್ಚಿ ಬೆಳ್ಳಗೆ ಮಾಡಿದ. ಗ್ರೈಂಡರಿನ ಸ್ಟೀಲ್ ಡ್ರಮ್ಮು ಮದುವೆಗೆ ಹೊರಟ ಹಾಗೆ ಹೊಳೆಯಿತು. ಕೊನೆಗೆ ಕಾರಿಗೆ ಹಾಕುವ ಪಾಲಿಶ್ ತಂದು, ಚಪ್ಪಲಿ ಮೆಟ್ಟಿ ನಿಂತು, ಕೆಂಪು ಫ್ರಿಜ್ಜನ್ನು ತೋಳು ನೋಯುವ ತನಕ ಉಜ್ಜಿದ. ಬಾಗಿಲಲ್ಲಿ ಅವನ ಮುಖ ಕಾಣಿಸಿತು. ಹುಬ್ಬಿನ ಕೂದಲು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

ಸಾಮಾನು ಸಿದ್ಧವಾಯಿತು, ಇನ್ನು ಮಾತು ಸಿದ್ಧವಾಗಬೇಕಲ್ಲ. ಬಂದವರಿಗೆ ಏನು ಹೇಳಬೇಕೆಂದು ಅಲ್ಲೇ ನಿಂತು ಅಭ್ಯಾಸ ಮಾಡಿದ.

"ಈ ಫ್ರಿಜ್ಜು ನೋಡಿ, ಒಂದು ದಿನಾನೂ ತೊಂದರೆ ಕೊಟ್ಟಿಲ್ಲ."

ಬಾಗಿಲಲ್ಲಿದ್ದ ಮುಖ ತುಟಿ ಅಲ್ಲಾಡಿಸಲಿಲ್ಲ.

ಪಂಚಾಕ್ಷರಿ ಕಣ್ಣುಜ್ಜಿಕೊಂಡ. ಬೆಳಕಿನ ಆಟ ಎಂದುಕೊಂಡು ಇನ್ನೊಮ್ಮೆ ಹೇಳಿದ. ಮುಖ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿತ್ತು. ಅವನು ಬೆವರು ಒರೆಸಿಕೊಂಡರೆ ಅದೂ ಒರೆಸಿಕೊಂಡಿತು. "ಮಂಗಳಾ, ಒಂದು ಲೋಟ ನೀರು ಕೊಡು" ಎಂದು ಕೂಗಿದರೆ ಅದರ ಬಾಯಿಯೂ ಅವನ ಜೊತೆಗೇ ಆಡಿತು. "ನನ್ನ ಹೆಸರು ಪಂಚಾಕ್ಷರಿ" ಅಂದ. ಮುಖ ಅಂದಿತು. "ನನಗೆ ಪಾತ್ರೆ ಅಂಗಡಿ ಇದೆ" ಅಂದ. ಮುಖವೂ ಅಂದಿತು. "ಈ ಮನೆಯಲ್ಲಿ ಅರ್ಥಿಂಗ್ ಸರಿಯಾಗಿದೆ" ಅಂದ. ಮುಖದ ತುಟಿ ಹೊಲಿದ ಹಾಗೆ ಮುಚ್ಚಿಕೊಂಡಿತು. ಗಾಬರಿಯಾಗಿ ಸುತ್ತಲೂ ನೋಡಿದ. ಮಿಕ್ಸಿಯ ಜಾರಿನಲ್ಲಿ, ಗ್ರೈಂಡರಿನ ಡ್ರಮ್ಮಿನಲ್ಲಿ, ಸ್ಟವ್ವಿನ ಅಂಚಿನಲ್ಲಿ, ಎಲ್ಲೆಲ್ಲಿ ಅವನು ಉಜ್ಜಿದ್ದನೋ ಅಲ್ಲೆಲ್ಲ ಅವನದೇ ಸಣ್ಣ ದೊಡ್ಡ ಮುಖಗಳು ಬಾಯಿ ಮುಚ್ಚಿಕೊಂಡು ನಿಂತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಆಗಲೇ ಹೋಗಿ ಗುಂಡಿ ತೋಡಿಸುತ್ತಿದ್ದರು. ನಮ್ಮ ಪಂಚಾಕ್ಷರಿ ಪೇಟೆಗೆ ಹೋಗಿ ಹಣ್ಣಿನ ಬುಟ್ಟಿಯ ದೊಡ್ಡದೊಂದು ಸ್ಟಿಕ್ಕರ್ ತಂದು ಫ್ರಿಜ್ಜಿನ ಬಾಗಿಲಿಗೆ, ಸರಿಯಾಗಿ ಮುಖದ ಎತ್ತರಕ್ಕೆ ಅಂಟಿಸಿದ. ಮರುದಿನ ರೇವಣ್ಣ ಬಂದು, "ಥೂ, ಹೋಟ್ಲು ಥರ ಕಾಣ್ತದೆ" ಎಂದು ಅದನ್ನು ಕಿತ್ತು ಬಿಸಾಡಿದ. ಆಮೇಲೆ ಪಂಚಾಕ್ಷರಿ ಫ್ರಿಜ್ಜಿಗೆ ಬೆನ್ನು ಹಾಕಿ ನಿಲ್ಲುವುದನ್ನು ಕಲಿತ. ಫ್ರಿಜ್ಜಿನ ಮುಂದೆ ದಪ್ಪನೆಯ ಹೊಸ ರಬ್ಬರ್ ಮ್ಯಾಟ್ ಹಾಸಿದ. ನಮ್ಮ ಜನ ಅಡುಗೆಮನೆಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಬರುತ್ತಾರೆ, ಮ್ಯಾಟಿನ ಮೇಲೆ ನಿಂತು ಮುಟ್ಟಿದರೆ ಕರೆಂಟು ಗೊತ್ತಾಗುವುದಿಲ್ಲ, ಅದು ಅವನ ಉಪಾಯ. ಒಳಗೆ ಹಾಲು, ಮೊಸರು, ತರಕಾರಿ ತುಂಬಿಸಿ, ಹಿಡಿಯ ಮೇಲಿನ ಟವೆಲನ್ನು ಬಚ್ಚಿಟ್ಟ.

ಒಂದು ಸಂಜೆ ಅವನು ಅಂಗಡಿಯಿಂದ ಬಂದಾಗ ಸರ್ವಮಂಗಳ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಅಕ್ಕಿ ಆರಿಸುವ ಮೊರ ತೊಡೆಯ ಮೇಲಿತ್ತು, ಕೈ ಆಡುತ್ತಿರಲಿಲ್ಲ.

"ರೀ, ಬೆಳಗ್ಗೆ ನೀವು ಅಂಗಡಿಗೆ ಹೋದಿರಲ್ಲ, ಆಮೇಲೂ ನಿಮ್ಮ ಮುಖ ಆ ಫ್ರಿಜ್ಜಿನ ಬಾಗಿಲಲ್ಲೇ ಇತ್ತು."

"ಏನು ಮಾಡ್ತಿತ್ತು?"

"ಏನೂ ಇಲ್ಲ. ಯಾರಾದರೂ ಬರ್ತಾರೇನೋ ಅಂತ ಬಾಗಿಲ ಕಡೆ ನೋಡ್ತಾ ನಿಂತಿತ್ತು. ನಾನು ಒಳಗೆ ಹೋದಾಗ, ನೆಲ ಒದ್ದೆ ಇದೆಯಾ ಅಂತ ನನ್ನ ಕಾಲು ನೋಡ್ತು. ಮೊದಲು ಆ ಗುಂಡಿ ತೆಗೆಸಿರೀ."

"ಮಾರೋ ಮನೆಗೆ ಯಾರಾದ್ರೂ ಗುಂಡಿ ತೋಡ್ತಾರಾ? ಸುಮ್ನಿರು" ಎಂದು ಅವನು ರೇಗಿದ. ರೇಗಿದ್ದೇನೋ ಹೌದು, ಆದರೆ ಅಂದು ಊಟವನ್ನು ಅವನೂ ವರಾಂಡದಲ್ಲೇ ಮಾಡಿದ.

ಮನೆ ನೋಡಲು ವಿಶಾಲಾಕ್ಷಿ ಬಂದಳು. ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಬಹುಪಾಲು ರಸ್ತೆಯ ಮೇಲೇ ಇರುತ್ತಿದ್ದ. ಜೊತೆಗೆ ಅತ್ತೆ ಈರಮ್ಮ ಬಂದಿದ್ದಳು. ಅತ್ತೆ ಸೊಸೆ ಇಬ್ಬರೂ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತು ಸುಸ್ತಾಗಿದ್ದರು. ರೇವಣ್ಣ ಹೇಳಿದ ಹಾಗೆಯೇ ಆಯಿತು. ಇಬ್ಬರೂ ಸೀದಾ ಅಡುಗೆಮನೆಗೆ ಹೋಗಿ ನಿಂತರು. ವಿಶಾಲಾಕ್ಷಿ ಸ್ಟವ್ವು ಸವರಿದಳು, ಮ್ಯಾಟಿನ ಮೇಲೆ ನಿಂತು ಫ್ರಿಜ್ಜು ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಕಣ್ಣಲ್ಲಿ ನೀರು ಬಂತು ಅವಳಿಗೆ.

"ಅತ್ತೆ, ಇಷ್ಟು ಚೆಂದದ ಅಡುಗೆಮನೆ ನಮ್ದಾಗ್ತದಾ?"

ಪಂಚಾಕ್ಷರಿ ಫ್ರಿಜ್ಜಿಗೆ ಬೆನ್ನು ಹಾಕಿ ನಿಂತು, "ಒಂದು ದಿನಾನೂ ತೊಂದರೆ ಕೊಟ್ಟಿಲ್ಲಮ್ಮ" ಅಂದ. ಅವನ ಕತ್ತಿನ ಹಿಂದೆ ತಣ್ಣಗೆ ಯಾರೋ ಉಸಿರು ಬಿಟ್ಟ ಹಾಗಾಯಿತು.

ಈರಮ್ಮನಿಗೆ ಮನೆ ಒಪ್ಪಿಗೆಯಾಯಿತು. ಆದರೆ ಅವಳ ಕಡೆಯವರಲ್ಲಿ ಒಂದು ಪದ್ಧತಿ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವುದು ಎಲ್ಲರೂ ಮಾಡುತ್ತಾರೆ, ಅವರು ಅಡ್ವಾನ್ಸ್ ಕೊಡುವ ಮುಂಚೆಯೇ ಉಕ್ಕಿಸಬೇಕು. ಆ ಮನೆಯ ಒಲೆ, ಆ ಮನೆಯ ಪಾತ್ರೆ, ಆ ಮನೆಯದೇ ಹಾಲು. "ನಾವು ಮನೆ ಒಪ್ಪಿದ್ರೆ ಸಾಲ್ದು, ಒಲೆ ನಮ್ಮನ್ನ ಒಪ್ಪಬೇಕು. ಶುಕ್ರವಾರ ಬರ್ತೀವಿ" ಎಂದಳು. ರೇವಣ್ಣನಿಗೆ ಕುಣಿಯುವಷ್ಟು ಖುಷಿಯಾಯಿತು.

ಶುಕ್ರವಾರ ಬೆಳಗ್ಗೆ ಸರ್ವಮಂಗಳ ಬ್ಯಾಗು ಹಿಡಿದು ಅಣ್ಣನ ಮನೆಗೆ ಹೊರಟಳು. "ನಾನಿದ್ರೆ ಬಾಯಿ ಬಿಡ್ತೀನಿ. ಬಿಟ್ರೆ ನೀವು ನನ್ನನ್ನ ಬಿಡಲ್ಲ. ನೀವುಂಟು, ನಿಮ್ಮ ಮುಖ ಉಂಟು" ಎಂದು ಹೇಳಿ ಹೋದಳು. ಬಾಯಿ ಬಿಡಲು ಧೈರ್ಯವಿಲ್ಲದೆ ಊರು ಬಿಟ್ಟವಳನ್ನು ನಾನು ಹೊಗಳಲಾರೆ. ಪಂಚಾಕ್ಷರಿ ಮಾತ್ರ ಅವಳು ಹೋದದ್ದೇ ಒಳ್ಳೆಯದಾಯಿತು ಅಂದುಕೊಂಡ.

ಅತ್ತೆ ಸೊಸೆ ಬಂದರು. ರೇವಣ್ಣ ಬಾಗಿಲ ಹತ್ತಿರ ನಿಂತ. ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಹೋದವಳೇ, ನೆಲ ತೊಳೆದು ಒಲೆಯ ಮುಂದೆ ರಂಗೋಲಿ ಹಾಕಬೇಕೆಂದು, ಫ್ರಿಜ್ಜಿನ ಮುಂದಿದ್ದ ರಬ್ಬರ್ ಮ್ಯಾಟನ್ನು ಸುರುಳಿ ಸುತ್ತಿ ಹಿತ್ತಲಿಗೆ ಎಸೆದಳು. ಬಕೆಟ್ ನೀರು ಸುರಿದು ನೆಲ ತೊಳೆದಳು. ಪಂಚಾಕ್ಷರಿ ಇದನ್ನು ಎಣಿಸಿರಲಿಲ್ಲ. ಅವನ ಕಾಲೂ ಬರಿಗಾಲು, ಒದ್ದೆ ನೆಲ ದಾಟಿ ತಾನೇ ಫ್ರಿಜ್ಜು ಮುಟ್ಟುವ ಹಾಗಿರಲಿಲ್ಲ. ಪ್ಲಗ್ಗು ಫ್ರಿಜ್ಜಿನ ಹಿಂದೆ, ಗೋಡೆಯ ಸಂದಿಯಲ್ಲಿತ್ತು, ಕೈಗೆ ಸಿಗುವಂತಿರಲಿಲ್ಲ.

ಈರಮ್ಮ ರಂಗೋಲಿಯ ಕೊನೆಯ ಎಳೆ ಎಳೆದು, "ಹಾಲು ತಗೊಳವ್ವ" ಅಂದಳು.

ವಿಶಾಲಾಕ್ಷಿ ಒದ್ದೆ ಕಾಲಲ್ಲಿ ಫ್ರಿಜ್ಜಿನ ಕಡೆ ತಿರುಗಿದಳು.

ಪಂಚಾಕ್ಷರಿಗೆ ಎಲ್ಲ ಗೊತ್ತಿತ್ತು. ಈಗ ಕೂಗಿದರೆ ವ್ಯಾಪಾರ ಮುರಿಯುತ್ತದೆ, ಮೇನ್ ರೋಡಿನ ಮನೆಯೂ ಹೋಗುತ್ತದೆ, ಊರೆಲ್ಲ ಸುದ್ದಿಯಾಗುತ್ತದೆ. ಕೂಗದಿದ್ದರೆ ಒಂದು ಹೆಣ್ಣು ಸಾಯಬಹುದು. ಸಾಯಬಹುದು ಅಷ್ಟೇ, ಸಾಯದೆಯೂ ಇರಬಹುದು, ಮಂಗಳ ಸತ್ತಳೇನು, ಇವಳಿಗೂ ಬರೀ ಜುಮ್ಮೆನ್ನಬಹುದು. ಹೀಗೆ ಅವನ ತಲೆ ಓಡುತ್ತಿತ್ತು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಅವಳ ಬೆರಳು ಹಿಡಿಯ ಹತ್ತಿರ ಹೋಯಿತು.

"ಮುಟ್ಟಬೇಡ ತಾಯೀ! ಕರೆಂಟು!"

ಅಡುಗೆಮನೆ ನಡುಗುವ ಹಾಗೆ ಪಂಚಾಕ್ಷರಿಯ ಧ್ವನಿ ಕೂಗಿತು. ವಿಶಾಲಾಕ್ಷಿ ಕೈ ಹಿಂದಕ್ಕೆ ಎಳೆದುಕೊಂಡು ತಿರುಗಿ ಅವನನ್ನು ನೋಡಿದಳು. ಈರಮ್ಮನ ಕೈಯಿಂದ ರಂಗೋಲಿ ಡಬ್ಬಿ ಬಿತ್ತು. ರೇವಣ್ಣ ಓಡಿ ಹೋಗಿ ಗಾಡಿಯಿಂದ ಟೆಸ್ಟರ್ ತಂದು, ಚಪ್ಪಲಿ ಮೆಟ್ಟಿ ಬಂದು, ಹಿಡಿಗೆ ಇಟ್ಟ. ಟೆಸ್ಟರಿನ ಬಲ್ಬು ಕೆಂಪಗೆ ಉರಿಯಿತು.

ಮೊದಲು ಅತ್ತದ್ದು ಈರಮ್ಮ. ಸೊಸೆಯ ತಲೆ ಸವರಿದಳು, ಕೈ ಸವರಿದಳು, ಆಮೇಲೆ ಪಂಚಾಕ್ಷರಿಗೆ ಕೈ ಮುಗಿದಳು.

"ನನ್ನ ಸೊಸೆ ಜೀವ ಉಳಿಸಿದೆ ಕಣಪ್ಪ. ವ್ಯಾಪಾರ ಕೈಗೆ ಬರೋ ಹೊತ್ತಲ್ಲಿ ತನ್ನ ಮನೆ ಹುಳುಕು ತಾನೇ ಕೂಗಿ ಹೇಳೋ ಮನುಷ್ಯ ಎಲ್ಲಿ ಸಿಗ್ತಾನೆ? ರಿಪೇರಿ ನಾವೇ ಮಾಡಿಸ್ಕೊತೀವಿ. ನಮಗೆ ಇದೇ ಮನೆ ಬೇಕು."

ಪಂಚಾಕ್ಷರಿ ಫ್ರಿಜ್ಜಿನ ಬಾಗಿಲು ನೋಡಿದ. ಅಲ್ಲಿದ್ದ ಮುಖದ ಬಾಯಿ ಇನ್ನೂ ತೆರೆದೇ ಇತ್ತು, ಕೂಗಿದ ಏದುಸಿರು ಇನ್ನೂ ಆರಿರಲಿಲ್ಲ. ಅವನ ಬಾಯಿ ಒಂದು ಸಲವೂ ತೆರೆದಿರಲಿಲ್ಲ. ಈಗ ಆ ಮುಖ ಅವನನ್ನೇ ನೋಡುತ್ತಿತ್ತು, ಏನು ಹೇಳುತ್ತೀಯ ಎಂದು ಕೇಳುವ ಹಾಗೆ.

"ಅಯ್ಯೋ, ಅದರಲ್ಲೇನಮ್ಮ" ಅಂದ ಪಂಚಾಕ್ಷರಿ. "ಜೀವ ದೊಡ್ಡದಾ, ಮನೆ ದೊಡ್ಡದಾ? ನೋಡ್ತಾ ಸುಮ್ನಿರೋಕೆ ಆಗ್ಲಿಲ್ಲ, ಕೂಗಿಬಿಟ್ಟೆ."

ಮುಖ ಬಾಯಿ ಮುಚ್ಚಿತು. ನಿಧಾನವಾಗಿ ಅತ್ತ ತಿರುಗಿ ಅವನಿಗೆ ಬೆನ್ನು ತೋರಿಸಿ ನಿಂತಿತು.

ಮನೆ ಮಾರಾಟವಾಯಿತು. ವಿಶಾಲಾಕ್ಷಿ ಒಳಗೆ ಕಾಲಿಡುವ ಮುಂಚೆಯೇ ಟೈಲ್ಸ್ ಒಡೆಸಿ, ಗುಂಡಿ ತೆಗೆಸಿ, ವೈರ್ ಎಳೆಸಿ, ಫ್ರಿಜ್ಜನ್ನೂ ರಿಪೇರಿ ಮಾಡಿಸಿದಳು. ಪಂಚಾಕ್ಷರಿ ಮೇನ್ ರೋಡಿನ ಮನೆಗೆ ಹೋದ. ಅಲ್ಲಿ ಮೊದಲ ದಿನ ಬೆಳಗ್ಗೆ ಹಲ್ಲುಜ್ಜಲು ಕನ್ನಡಿಯ ಮುಂದೆ ನಿಂತರೆ ಕಂಡದ್ದು ಅವನ ಬೆನ್ನು. ಬನಿಯನ್, ಕತ್ತಿನ ಮಡಿಕೆ, ಕೂದಲು ಉದುರುತ್ತಿದ್ದ ನೆತ್ತಿ. ಅವನು ಎಡಕ್ಕೆ ತಿರುಗಿದರೆ ಬೆನ್ನೂ ತಿರುಗಿತು, ಮುಖ ಮಾತ್ರ ಈ ಕಡೆ ಬರಲಿಲ್ಲ.

ಕ್ಷೌರದಂಗಡಿಗೆ ಹೋದ. ಕ್ಷೌರಿಕ ಕೆನ್ನೆಗೆ ಸೋಪು ಹಚ್ಚಿ, ಅಭ್ಯಾಸದಂತೆ ಕನ್ನಡಿ ನೋಡಿದ. ಅವನ ಕೈ ನಿಂತಿತು. ಕುರ್ಚಿಯನ್ನು ಕನ್ನಡಿಯಿಲ್ಲದ ಗೋಡೆಯ ಕಡೆ ತಿರುಗಿಸಿ ಕೆಲಸ ಮುಗಿಸಿ, "ದುಡ್ಡು ಬೇಡ ಸಾಹುಕಾರ್ರೆ, ಇನ್ಮೇಲೆ ಈ ಕಡೆ ಬರಬೇಡಿ" ಅಂದ.

ಇನ್ನು ಅಂಗಡಿಯ ಕಥೆ ಕೇಳಬೇಡಿ. ಪಾತ್ರೆ ಅಂಗಡಿ ಎಂದರೆ ನೆಲದಿಂದ ಸೂರಿನ ತನಕ ಸ್ಟೀಲು. ಕೊಡ, ಡಬರಿ, ತಟ್ಟೆ, ಲೋಟ, ಸೌಟು. ಅವೆಲ್ಲದರಲ್ಲೂ ಪಂಚಾಕ್ಷರಿಯ ಬೆನ್ನು. ಕೊಡದಲ್ಲಿ ದಪ್ಪ ಬೆನ್ನು, ಸೌಟಿನಲ್ಲಿ ತಲೆಕೆಳಗಾದ ಬೆನ್ನು. ನಡು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಒಂದು ಸಭೆಯೇ ಎದ್ದು ನಿಂತು ತನಗೆ ಬೆನ್ನು ಹಾಕಿದಂತೆ ಅವನಿಗೆ ಅನ್ನಿಸುತ್ತಿತ್ತು. ಅಣ್ಣನ ಮನೆಯಿಂದ ವಾಪಸಾದ ಸರ್ವಮಂಗಳ ಹೊಸ ಮನೆಯಲ್ಲಿ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದಳು. ಅವನು ತನ್ನ ಮುಖ ಹೇಗಿತ್ತು ಎಂಬುದನ್ನೇ ಮರೆಯತೊಡಗಿದ. ತನ್ನ ಮುಖ ತನಗೇ ಮರೆಯುವುದು ಎಂಥ ಹೆದರಿಕೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಕಡೆಗೆ ಒಂದು ದಿನ ತಡೆಯಲಾರದೆ ಹಳೆಯ ಮನೆಗೆ ಹೋದ. ವಿಶಾಲಾಕ್ಷಿ ಒಳಗೆ ಕರೆದು ಅಡುಗೆಮನೆಯಲ್ಲೇ ಸ್ಟೂಲು ಹಾಕಿ ಕೂರಿಸಿ ಕಾಫಿಗೆ ಹಾಲಿಟ್ಟಳು. ಫ್ರಿಜ್ಜು ಅದೇ ಜಾಗದಲ್ಲಿತ್ತು. ಅದರ ಬಾಗಿಲಲ್ಲಿ ಅವನ ಮುಖ ಇತ್ತು. ಬೆನ್ನಲ್ಲ, ಮುಖವೇ. ನೆಮ್ಮದಿಯಾಗಿ ಇತ್ತು. ಅವನ ಕಡೆ ನೋಡಲಿಲ್ಲ, ಒಲೆಯ ಮೇಲಿನ ಹಾಲು ನೋಡುತ್ತಿತ್ತು.

"ಹೆದರ್ಕೋಬೇಡಿ ಅಣ್ಣ" ಅಂದಳು ವಿಶಾಲಾಕ್ಷಿ. "ಮೊದಲು ನಮಗೂ ಭಯ ಆಯ್ತು. ಈಗ ಮನೇಲಿ ಒಬ್ಬರ ಥರ ಇದೆ. ಅತ್ತೆ ಹಾಲಿಟ್ಟು ಮರೆತ್ರೆ ಕೂಗುತ್ತೆ. ಗ್ಯಾಸ್ ಆಫ್ ಮಾಡದೆ ಹೋದ್ರೂ ಕೂಗುತ್ತೆ."

ಪಂಚಾಕ್ಷರಿ ಸ್ಟೂಲಿನಿಂದ ಎದ್ದು ನಿಂತ.

"ಅಮ್ಮಾ, ಆವತ್ತು ಕೂಗಿದ್ದು ನಾನಲ್ಲ. ನನಗೆ ಕರೆಂಟು ಇರೋದು ಗೊತ್ತಿತ್ತು. ಮ್ಯಾಟ್ ಹಾಸಿದ್ದೂ ನಿಮಗೆ ಗೊತ್ತಾಗದೆ ಇರ್ಲಿ ಅಂತಾನೇ. ನಿನ್ನ ಕೈ ಹಿಡಿ ಹತ್ತಿರ ಹೋಗ್ತಾ ಇದ್ರೂ ನಾನು ಬಾಯಿ ಮುಚ್ಕೊಂಡು ನೋಡ್ತಾ ನಿಂತಿದ್ದೆ."

ವಿಶಾಲಾಕ್ಷಿ ಒಲೆ ಸಣ್ಣಗೆ ಮಾಡಿದಳು.

"ಗೊತ್ತಿತ್ತು ಅಣ್ಣ."

"ಗೊತ್ತಿತ್ತಾ?"

"ಕೂಗು ಕೇಳಿದಾಗ ನನ್ನ ಎದುರಿಗೆ ಬಾಗಿಲಲ್ಲಿ ನಿಮ್ಮ ಬಾಯಿ ತೆರೆದಿತ್ತು. ತಿರುಗಿ ನೋಡಿದ್ರೆ ನಿಮ್ಮ ತುಟಿ ಮುಚ್ಚಿತ್ತು. ಅತ್ತೆ ನಿಮಗೆ ಕೈ ಮುಗಿದಾಗ ನೀವೇ ಹೇಳ್ತೀರೇನೋ ಅಂತ ನಿಮ್ಮ ಮುಖಾನೇ ನೋಡ್ತಾ ನಿಂತಿದ್ದೆ. ನೀವು ಹೇಳ್ಲಿಲ್ಲ. ಆದ್ರೂ ನನ್ನನ್ನ ಕೂಗಿ ನಿಲ್ಲಿಸಿದ ಮನೆ ಇದು, ಬಿಟ್ಟು ಹೋಗಕ್ಕೆ ಮನಸ್ಸು ಬರ್ಲಿಲ್ಲ."

ಅವನು ಫ್ರಿಜ್ಜಿನ ಮುಂದೆ ಹೋಗಿ ನಿಂತ. ಈಗ ಮುಖ ಅವನನ್ನು ನೋಡಿತು. ಬೈಯುವ ಹಾಗಿರಲಿಲ್ಲ, ಕರುಣೆಯೂ ಕಾಣಲಿಲ್ಲ. ಹಳೆಯ ಪರಿಚಯದವರು ರಸ್ತೆಯಲ್ಲಿ ಸಿಕ್ಕಿದಾಗ ಇವನೇನಾ ಎಂದು ನೋಡುತ್ತಾರಲ್ಲ, ಹಾಗೆ ನೋಡಿತು.

"ಬಾ" ಅಂದ ಪಂಚಾಕ್ಷರಿ, ಅಳುತ್ತಾ. "ಮನೆಗೆ ಹೋಗೋಣ."

ಮುಖ ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅದರ ಕಣ್ಣು ಅತ್ತ ಹೋಯಿತು.

ಅವನು ಬರಿಗೈಯಲ್ಲಿ ಅಂಗಡಿಗೆ ವಾಪಸಾದ. ಗಲ್ಲಾದ ಹಿಂದೆ ಕೂತು ಎದುರಿನ ಕೊಡ ನೋಡಿದ. ಬೆನ್ನೇ ಇತ್ತು. ಆದರೆ ಮೊದಲಿನಷ್ಟು ನೇರವಾಗಿ ಇರಲಿಲ್ಲ, ಒಂದು ಕೂದಲೆಳೆಯಷ್ಟು ಈ ಕಡೆ ತಿರುಗಿತ್ತು. ಕಿವಿಯ ಅಂಚು ಕಾಣುತ್ತಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಮಗಳ ಮದುವೆಗೆ ಎಂದು ಹೊಳೆಯುವ ದೊಡ್ಡ ಡಬರಿಯೊಂದನ್ನು ಎತ್ತಿಕೊಂಡಳು. ಪಂಚಾಕ್ಷರಿ ಅದರಲ್ಲಿ ಕಂಡ ಕಿವಿಯನ್ನು ನೋಡಿದ, ಅವಳನ್ನು ನೋಡಿದ.

"ಅದು ಬೇಡಮ್ಮ. ಹೊಳೆಯೋದು ಅಷ್ಟೇ, ತಳ ತೆಳು. ಅನ್ನ ಸೀಯುತ್ತೆ. ಈ ಮಂಕಾಗಿರೋದು ತಗೊಳ್ಳಿ."

ಆ ಹೆಂಗಸಿಗೆ ಆಶ್ಚರ್ಯವಾಯಿತು. ಡಬರಿಯೊಳಗಿನ ಬೆನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿತು. ಅಂದಿನಿಂದ ಅವನ ವ್ಯಾಪಾರ ಅರ್ಧಕ್ಕೆ ಇಳಿದಿದೆ ಎನ್ನುತ್ತಾರೆ. ಅವನಿಗೆ ಅದರ ಚಿಂತೆಯಿಲ್ಲ. ಬಂದವರಿಗೆಲ್ಲ ಯಾವುದರ ತಳ ತೆಳು, ಯಾವುದರ ಹಿಡಿ ಸಡಿಲ ಎಂದು ಹೇಳುತ್ತಾನೆ, ಹೇಳಿದ ಮೇಲೆ ಎದುರಿನ ಕೊಡದ ಕಡೆ ಕಣ್ಣು ಹಾಯಿಸುತ್ತಾನೆ. ಮೊನ್ನೆ ಕೆನ್ನೆ ಕಾಣಿಸಿತಂತೆ. ಇನ್ನೂ ಕಣ್ಣು ಕಾಣಿಸಿಲ್ಲ.

ನೀತಿ: ಹೊಳಪು ಕೊಟ್ಟು ಹುಳುಕನ್ನು ಬಚ್ಚಿಡುವವನು ಮೊದಲು ಕೊಳ್ಳುವವರಿಗೆ ಮೋಸ ಮಾಡುತ್ತಾನೆ, ಆಮೇಲೆ ತನ್ನ ಮುಖವನ್ನೇ ಕಳೆದುಕೊಳ್ಳುತ್ತಾನೆ. ಮಾಡದ ಒಳ್ಳೆಯ ಕೆಲಸದ ಹೊಗಳಿಕೆಯನ್ನು ಒಪ್ಪಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಸತ್ಯವನ್ನು ಹೇಳಬೇಕಾದ ಹೊತ್ತಿನಲ್ಲೇ ಹೇಳಿ. ತಡವಾಗಿ ಹೇಳಿದರೂ ಅದು ಕೇಳಿಸುತ್ತದೆ, ಆದರೆ ಕಳೆದದ್ದು ತಿರುಗಿ ಬರಲು ಬಹಳ ದಿನ ಬೇಕು.